ಅಪ್ಪನ ಗಂಟೆ, ಅವ್ವನ ಸೈಕಲ್

ನಮ್ಮಪ್ಪ ಸೈಕಲ್ ಏರುವ ಮೊದಲೇ ಎರಡು ಸಲ ಗಂಟೆ ಬಾರಿಸುತ್ತಾರೆ. ಲಾಕ್‌ಡೌನಿನಲ್ಲಿ ಬೀದರಿನ ನಮ್ಮ ಓಣಿಯಲ್ಲಿ ನಾಯಿಯೂ ಅಡ್ಡ ಇರಲಿಲ್ಲ. ಆದರೂ ಗಂಟೆ. ನಾನು ಸಾಲಿಗೆ ಹೋಗುತ್ತಿದ್ದ ಹಳೆಯ ಲೇಡೀಸ್ ಸೈಕಲ್ ಮೆಟ್ಟಿಲ ಕೆಳಗಿಂದ ಹೊರಬಂದ ಮೇಲೆ ಮನೆಯಲ್ಲಿ ದಿನಾ ಒಂದು ಗೊಂದಲ.

೧. ಗುರುಗಳು

ಬಸ್ಸು, ಆಟೋ ಬಂದಾಗಿ ಓಣಿಯ ಕುಟುಂಬಗಳೆಲ್ಲ ಸೈಕಲ್ ಹಿಡಿದಿದ್ದವು. ಅವ್ವ ನೋಡಿ ನೋಡಿ ಅಂದಳು, "ನನಗೂ ಕಲಸ್ರಿ. ತವರುಮನಿ ಭಾಲ್ಕ್ಯಾಗ ನಮ್ಮಣ್ಣಂದಿರು ಮುಟ್ಟಗೊಡಲಿಲ್ಲ. ಬಜಾರ ತೆರದು ಮಂದಿ ತಿರಗಾಡಲಿಕ್ಕತ್ತಂದ್ರ ನಾಚಿಕಿ, ಮತ್ತ ಕಲಿಯಾಂಗಿಲ್ಲ."

"ಅದೇನು ಮಹಾ? ನಮ್ಮೂರು ಠಾಣಾ ಕುಶನೂರ ಪೂರಾ ಸೈಕಲ್ ಮ್ಯಾಲೇ ಸುತ್ತೀನಿ ನಾ," ಅಂದರು ಅಪ್ಪ. ಗಂಟೆ ಬಾರಿಸಿದರು. ಆಮೇಲೆ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನ್ನನ್ನು ಕೇಳಿದರು, "ನಡುವಿನ ಕಬ್ಬಿಣದ ಡಂಡಾ ಎಲ್ಲದವ್ವಾ?"

"ಲೇಡೀಸ್ ಸೈಕಲ್ಲಿಗೆ ಇರಂಗಿಲ್ಲಪ್ಪಾ."

"ಹಂಗಾದ್ರ ಇದು ಹೆಣ್ಣುಮಕ್ಕಳ ಕೆಲಸ," ಅಂತ ಅವ್ವನನ್ನೇ ಕೂಡಿಸಿ ಹಿಂದೆ ಹಿಡಿದುಕೊಂಡರು. ಶಿಷ್ಯೆ ಸೀಟಿನ ಮೇಲೆ, ಗುರುಗಳು ನೆಲದ ಮೇಲೆ.

೨. ಕೆಮ್ಮು

ಬಿದ್ದರೆ ಎಂಬ ಭಯಕ್ಕೆ ಅವ್ವ ಅಪ್ಪನ ಹೆಲ್ಮೆಟ್, ಮಾಸ್ಕು, ಸೀರೆಯ ಮೇಲೆ ನನ್ನ ರೇನ್‌ಕೋಟು ಹಾಕಿ ಹೊರಟಳು. ದಡದಡ ಬಾಗಿಲು ಮುಚ್ಚಿದವು. ಆಸ್ಪತ್ರೆಯವರು ಬಂದರೆಂದುಕೊಂಡು ಎದುರು ಮನೆಯ ಹೆಂಗಸು, ನಾವು ಕಾಕೂ ಅನ್ನುವವರು, ಕಿಟಕಿಯಿಂದ ಕೂಗಿದರು, "ನಮ್ಮನ್ಯಾಗ ಎಲ್ಲಾರೂ ಆರಾಮ ಇದ್ದೇವರಿ! ಎದುರು ಮನಿಗಿ ಹೋಗ್ರಿ, ಆ ಯಜಮಾನ್ರು ರಾತ್ರೆಲ್ಲ ಕೆಮ್ತಾರ!"

ಎದುರು ಮನೆ ಅಂದರೆ ನಮ್ಮದೇ. ಅವ್ವ ಹೆಲ್ಮೆಟ್ಟಿನೊಳಗಿಂದಲೇ ಅಪ್ಪನ ಕಡೆ ತಿರುಗಿ ಕೇಳಿದಳು: "ಹೌದೇನ್ರೀ? ನನಗ್ಯಾಕ ಹೇಳಲಿಲ್ಲ?"

೩. ಕೈಂಚಿ

ನಾಳೆ ಬಜಾರ ತೆರೆಯುತ್ತದೆಂಬ ಸುದ್ದಿ ಬಂದ ಸಂಜೆ, ಅಪ್ಪ ಕೈ ಬಿಟ್ಟದ್ದು ಗೊತ್ತಾಗದೆ ಅವ್ವ ಹೋಗೇ ಬಿಟ್ಟಳು. ಓಣಿಯ ತುದಿಯಿಂದ ಕೂಗು: "ಇಳಿಯೋದು ಹ್ಯಾಂಗ್ರೀ?"

ಅಪ್ಪ ನನ್ನ ಮುಖ ನೋಡಿದರು. "ನನಗೇನ್ ಗೊತ್ತವ್ವಾ? ಸಣ್ಣಾಂವಿದ್ದಾಗ ಡಂಡಾದ ಕೆಳಗ ಕಾಲು ತೂರಿಸಿ ಕೈಂಚಿ ಹೊಡೀತಿದ್ದೆ. ಸೀಟು ಎಟಕೋದ್ರಾಗ ಮೋಟರ್ ಗಾಡಿ ಬಂತು. ಸೀಟಿನ ಮ್ಯಾಲ ಕೂತಾಂವೇ ಅಲ್ಲ."

ಅಷ್ಟರಲ್ಲಿ ಅವ್ವ ತಿರುಗಿ ಬಂದು ಕಾಕೂ ಮನೆಯ ಮುಂದಿನ ಉಸುಕಿನ ಗುಡ್ಡೆಗೆ ಸೈಕಲ್ ನುಗ್ಗಿಸಿ, ತಾನೇ ಇಳಿದು ಬಂದಳು. ಹೆಲ್ಮೆಟ್ ತೆಗೆದಳು. ಮುಖವೆಲ್ಲ ಬೆವರು, ನಗು. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು.

"ನಾ ಕಲ್ತೆ. ಈಗ ನೀವೊಂದು ಸುತ್ತು ಹೊಡೀರಿ, ಕಣ್ ತುಂಬ ನೋಡ್ತೇನಿ."

ಅಪ್ಪ ಹ್ಯಾಂಡಲ್ ಹಿಡಿದು ಎರಡು ಸಲ ಗಂಟೆ ಬಾರಿಸಿದರು. ಸೀಟಿನ ಕಡೆ ಒಮ್ಮೆ ನೋಡಿ, ಮತ್ತೆ ಎರಡು ಸಲ.