ಡಬ್ಬ ಟಿವಿಯ ಭಾನುವಾರಗಳು

ನಲವತ್ತು ದಾಟಿದ ನಾಲ್ಕು ಗಂಡಸರು ಚಾಪೆ ಹಾಸಿಕೊಂಡು ಹಳೇ ವಿಡಿಯೋ ಗೇಮ್ ಆಡಲು ಕೂತರೆ ಮನೆಯಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಏನೂ ಆಗದ ಭಾನುವಾರ ನನಗಂತೂ ನೆನಪಿಲ್ಲ.

ವಿಜಯನಗರದ ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಒಂದು ಡಬ್ಬ ಟಿವಿ ಇದೆ. ಇಪ್ಪತ್ತೊಂದು ಇಂಚು, ಬೆನ್ನಿಗೆ ಡುಬ್ಬ, ಎತ್ತಲು ಇಬ್ಬರು ಬೇಕು. ಅದಕ್ಕೆ ಸಿಕ್ಕಿಸುವ ಗೇಮ್ ಡಬ್ಬಿ, ಜಾಯ್‌ಸ್ಟಿಕ್ಕು, ಕ್ಯಾಸೆಟ್ಟುಗಳೆಲ್ಲ ನಾನು ಹೈಸ್ಕೂಲಿನಲ್ಲಿದ್ದಾಗಿನವು. ತಿಂಗಳಿಗೆರಡು ಭಾನುವಾರ ಮೂವರು ಗೆಳೆಯರು ಬರುತ್ತಾರೆ: ರಾಜಾಜಿನಗರದ ಹಲ್ಲಿನ ಡಾಕ್ಟರು, ನಂದಿನಿ ಲೇಔಟಿನ ಕಾಲೇಜು ಮೇಷ್ಟ್ರು, ಕೆಂಗೇರಿಯ ಬ್ಯಾಂಕಿನವನು.

ನನ್ನ ಹೆಂಡತಿಗೆ ಆ ಟಿವಿ ಕಂಡರಾಗದು. "ಗೋಡೆ ಮೇಲೆ ಅಷ್ಟು ದೊಡ್ಡ ಹೊಸ ಟಿವಿ ಇದ್ಯಲ್ಲ, ಅದರಲ್ಲಿ ಆಡ್ಕೊಳ್ಳಿ" ಅನ್ನುತ್ತಾಳೆ. ಆದರೆ ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವ ನಮ್ಮ ಪ್ಲಾಸ್ಟಿಕ್ ಗನ್ನು ಡಬ್ಬ ಟಿವಿಗೆ ಮಾತ್ರ ಒಗ್ಗುವುದು. ಹೊಸ ಟಿವಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಹೊಡೆದರೂ ಒಂದು ಬಾತುಕೋಳಿ ಬೀಳುವುದಿಲ್ಲ. ಆ ಡಬ್ಬ ಹೋದರೆ ನಮ್ಮ ಭಾನುವಾರಗಳೂ ಹೋದಂತೆ.

ಅಮ್ಮನ ರಿಪೇರಿ

ಟ್ಯಾಂಕ್ ಗೇಮಿನಲ್ಲಿ ಇಪ್ಪತ್ತನೇ ಸ್ಟೇಜು ದಾಟಿದವರೇ ಅಲ್ಲ ನಾವು. ಒಂದು ಭಾನುವಾರ ಮಾತ್ರ ನಾನೂ ಮೇಷ್ಟ್ರೂ ಸೇರಿ ಮೂವತ್ತೊಂದಕ್ಕೆ ಹೋಗಿದ್ದೆವು. ಹಳೇ ಗೇಮುಗಳಲ್ಲಿ ಆಟ ಉಳಿಸಿಡುವ ಸೌಕರ್ಯವಿಲ್ಲ, ಆಫ್ ಮಾಡಿದರೆ ಮತ್ತೆ ಒಂದರಿಂದಲೇ ಶುರು. ಹಾಗಾಗಿ ಆಟವನ್ನು ಪಾಜ್ ಮಾಡಿ ಇದ್ದಲ್ಲೇ ನಿಲ್ಲಿಸಿಟ್ಟು, ಮುಟ್ಟಬೇಡ ಎಂದು ಹೆಂಡತಿಗೆ ಎರಡು ಸಲ ಹೇಳಿ, ಮೂಲೆ ಹೋಟೆಲಿಗೆ ಖಾಲಿ ದೋಸೆ ತಿನ್ನಲು ಹೋದೆವು. ದೇವಸ್ಥಾನಕ್ಕೆ ಹೋಗಿದ್ದ ಅಮ್ಮನಿಗೆ ಹೇಳಿರಲಿಲ್ಲ.

ವಾಪಸ್ ಬಂದರೆ ಪರದೆಯ ಮೇಲೆ ಒಂದನೇ ಸ್ಟೇಜು. ಅಮ್ಮ ಪಕ್ಕದಲ್ಲೇ ಕೂತಿದ್ದರು.

"ನಾನ್ ಬಂದಾಗ ಆ ಗಾಡಿಗಳು ಅಲ್ಲಾಡದೆ ನಿಂತಿದ್ವು ಕಣೋ. ಕೆಟ್ಟೋಗಿದೆ ಅಂತ ಸ್ವಿಚ್ ಆಫ್ ಮಾಡಿ ಹಾಕ್ದೆ. ಈಗ ನೋಡು, ಮೊದಲಿಂದ ಚೆನ್ನಾಗಿ ಬರ್ತಿದೆ."

ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. ಅಮ್ಮ ಅವನ ಬೆನ್ನು ಸವರಿ, "ಇರ್ಲಿ ಬಿಡಪ್ಪ, ಇಷ್ಟಕ್ಕೆಲ್ಲ ಏನು" ಎಂದರು.

ಬ್ಯಾಗಿನಲ್ಲಿ ಗನ್ನು

ಗನ್ನಿನ ಸ್ಪ್ರಿಂಗ್ ಸರಿಮಾಡುತ್ತೇನೆಂದು ಬ್ಯಾಂಕಿನವನು ಮನೆಗೆ ಒಯ್ದಿದ್ದ. ವಾಪಸ್ ತರುವಾಗ ಕೆಂಗೇರಿಯಲ್ಲಿ ಮೆಟ್ರೋ ಹತ್ತಲು ಹೋಗಿ ಬ್ಯಾಗ್ ತಪಾಸಣೆಯಲ್ಲಿ ಸಿಕ್ಕಿಬಿದ್ದ.

"ಏನ್ ಸಾರ್ ಇದು?"

"ಆಟದ್ದು. ಬಾತುಕೋಳಿ ಹೊಡೆಯಕ್ಕೆ."

"ಎಲ್ಲಿ ಹೊಡೀತೀರಾ?"

"ವಿಜಯನಗರದಲ್ಲಿ. ಫ್ರೆಂಡ್ ಮನೇಲಿ."

ಸೆಕ್ಯೂರಿಟಿಯವರು ನನಗೆ ಫೋನ್ ಮಾಡಿಸಿದರು. "ಸಾರ್, ನಿಮ್ಮನೇಲಿ ಬಾತುಕೋಳಿ ಸಾಕಿದೀರಾ?"

ಹೌದೆಂದರೂ ಕಷ್ಟ, ಇಲ್ಲವೆಂದರೂ ಕಷ್ಟ. "ಟಿವಿ ಆನ್ ಮಾಡಿದ್ರೆ ಬರ್ತವೆ ಸಾರ್" ಎಂದೆ.

ಫೋನ್ ಕೈ ಬದಲಾಯಿತು. ಆಮೇಲೆ ಬ್ಯಾಂಕಿನವನ ದನಿ ಕೇಳಿಸಿತು: "ಗುರು, ನೀನು ಫೋನಿಡು. ನಾನು ಬಸ್ಸಲ್ಲಿ ಬರ್ತೀನಿ."

ಡಾಕ್ಟರ ಕುರ್ಚಿ

ಹೋದ ವರ್ಷದ ಆಯುಧ ಪೂಜೆಗೆ ಅಮ್ಮ ಸ್ಕೂಟರು, ಮಿಕ್ಸಿ, ಈಳಿಗೆಮಣೆಯ ಜೊತೆ ನಮ್ಮ ಕ್ಯಾಸೆಟ್ಟುಗಳನ್ನೂ ಸಾಲಾಗಿ ಇಟ್ಟು ಪೂಜೆ ಮಾಡಿದ್ದರು. ಕುಂಕುಮವನ್ನು ಮೇಲೆ ಹಚ್ಚಿದ್ದರೆ ಪರವಾಗಿರಲಿಲ್ಲ. ಮೇಲಿನ ಚಿತ್ರಕ್ಕೆ ಕಲೆಯಾಗಬಾರದೆಂದು, ಕೆಳಗೆ ಗೇಮ್ ಡಬ್ಬಿಗೆ ಸಿಕ್ಕಿಸುವ ತಾಮ್ರದ ಹಲ್ಲುಗಳಿರುವ ಜಾಗಕ್ಕೇ ನೀರಲ್ಲಿ ಕಲಸಿ ಹಚ್ಚಿದ್ದರು. ನಾವು ಊದಿದ್ದೇ ಊದಿದ್ದು, ಒಂದೂ ಶುರುವಾಗಲಿಲ್ಲ.

"ಹಲ್ಲು ತಾನೇ, ತಗೊಂಡ್ ಬಾ" ಎಂದ ಡಾಕ್ಟರು. ಮರುದಿನ ಕ್ಲಿನಿಕ್ಕಿಗೆ ಹೋದೆ. ಅವನು ಕ್ಯಾಸೆಟ್ಟನ್ನು ರೋಗಿಗಳ ಕುರ್ಚಿಯಲ್ಲಿ ಮಲಗಿಸಿ, ದೀಪ ಎಳೆದುಕೊಂಡು, ಹತ್ತಿಯಲ್ಲಿ ಒಂದೊಂದೇ ಹಲ್ಲು ಒರೆಸತೊಡಗಿದ. ತಟ್ಟೆಯ ತುಂಬ ಕೆಂಪು ಹತ್ತಿ.

ಹೊರಗೆ ಕೂತಿದ್ದ ಅಜ್ಜಿಯೊಬ್ಬರು ಬಾಗಿಲ ಸಂದಿಯಿಂದ ತಟ್ಟೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಡಾಕ್ಟ್ರೇ, ನಂಗೆ ನೋವು ಪೂರ್ತಿ ಹೋಯ್ತು. ಬರ್ತೀನಿ."

ಎಷ್ಟು ಮೆಟ್ಟಿಲು

ಈ ವರ್ಷ ಹೆಂಡತಿಯ ತವರಿನಿಂದ ದಸರಾ ಗೊಂಬೆಗಳು ಬಂದವು. ಅವನ್ನು ಕೂರಿಸುವ ಮರದ ಮೆಟ್ಟಿಲು ಮಾತ್ರ ಅವಳ ತಮ್ಮನ ಮನೆಯಲ್ಲೇ ಉಳಿಯಿತು.

"ಕಬ್ಬಿಣದ ಸ್ಟ್ಯಾಂಡ್ ತರಿಸ್ತೀನಿ. ಆ ಮೂಲೆ ನಂಗೆ ಬೇಕು. ಭಾನುವಾರ ಗುಜರಿಯವ್ರು ಬರ್ತಾರೆ" ಎಂದು ತೀರ್ಪು ಕೊಟ್ಟಳು. ತವರಿನ ಗೊಂಬೆಗೆ ಎದುರಾಡಿ ಗೆದ್ದ ಗಂಡ ಹುಟ್ಟಿಲ್ಲ. ಗೆಳೆಯರಿಗೆ ವಿಷಯ ತಿಳಿಸಿದೆ. ಭಾನುವಾರ ಮೂವರೂ ಸಾವಿನ ಮನೆಗೆ ಬಂದವರಂತೆ ಬಂದು ಕೊನೆಯ ಆಟಕ್ಕೆ ಕೂತರು.

ಗುಜರಿಯವರು ಒಬ್ಬರೇ ಬಂದರು. ಹುಬ್ಬಳ್ಳಿ ಕಡೆಯವರು, ನಮ್ಮದೇ ವಯಸ್ಸು. ಹಗ್ಗ ಹಿಡಿದು ಒಳಗೆ ಬಂದವರು ಪರದೆ ನೋಡಿ ಅಲ್ಲೇ ನಿಂತರು.

"ಇದು ಬಾತುಕೋಳಿ ಗೇಮ್ ಅಲ್ಲೇನ್ರಿ ಸರ? ಸಣ್ಣವ್ರಿದ್ದಾಗ ನಮ್ಮ ಕಾಕಾನ ಮನ್ಯಾಗ ಆಡ್ತಿದ್ವಿರಿ. ಒಂದ್ ಸಲ ಕೊಡ್ರಿ."

ಒಂದು ಗಂಟೆ ಗನ್ನು ಕೆಳಗಿಡಲಿಲ್ಲ. ಒಂದು ಹಕ್ಕಿಯೂ ತಪ್ಪಿಸಿಕೊಳ್ಳಲಿಲ್ಲ. ಕೊನೆಗೆ ಎದ್ದು ಹಗ್ಗ ಸುತ್ತಿಕೊಂಡು ನನ್ನ ಹೆಂಡತಿಗೆ ಕೈಮುಗಿದರು. "ಅಕ್ಕಾರ, ಇದನ್ನ ಒಡ್ಯಾಕ ನನಗ ಮನಸ್ಸು ಬರಂಗಿಲ್ರಿ." ಹೊರಟೇಹೋದರು.

ಮುಂದಿನ ಭಾನುವಾರ ಕರೆಯದೆಯೇ ಬಂದರು. ಹೆಗಲ ಮೇಲೆ ಹದಿನಾಲ್ಕು ಇಂಚಿನ ಇನ್ನೊಂದು ಡಬ್ಬ ಟಿವಿ. "ನಿಮ್ದು ಕೆಟ್ರ ಇರ್ಲಿ ಅಂತ ತಂದೇನ್ರಿ ಸರ."

ಈಗ ಹಾಲಿನಲ್ಲಿ ಎರಡು. ನಾವು ಐವರು ಗಂಡಸರೂ ನೆಲ ನೋಡುತ್ತ ನಿಂತೆವು. ಹೆಂಡತಿ ಚಿಕ್ಕ ಟಿವಿಯನ್ನು ದೊಡ್ಡದರ ಮುಂದಕ್ಕೆ ಇಡಿಸಿದಳು. ಎರಡರ ಮೇಲೂ ಹಲಗೆ ಇಟ್ಟು, ರೇಷ್ಮೆ ಪಂಚೆ ಹೊದಿಸಿ, ಮೇಲೆ ಪಟ್ಟದ ಗೊಂಬೆ ಕೂರಿಸಿ ಹಿಂದೆ ಸರಿದು ನೋಡಿದಳು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಅಮ್ಮ ಬಂದರು. "ಎರಡು ಮೆಟ್ಟಿಲು ಮಾಡೋ ಹಾಗಿಲ್ಲ ಕಣಮ್ಮ. ಒಂದು, ಮೂರು, ಐದು, ಹಾಗೆ ಬೆಸ ಇರ್ಬೇಕು."

ಮುಗಿಯಿತು, ಇನ್ನು ಕಬ್ಬಿಣದ ಸ್ಟ್ಯಾಂಡೇ ಗತಿ, ಟಿವಿ ಎರಡೂ ಗುಜರಿಗೆ ಅಂದುಕೊಂಡೆ. ಹೆಂಡತಿ ಟಿವಿಗಳನ್ನು ನೋಡಿದಳು, ಗೋಡೆಯವರೆಗಿನ ಜಾಗ ನೋಡಿದಳು, ಗುಜರಿಯವರ ಕಡೆ ತಿರುಗಿದಳು.

"ಅಣ್ಣ, ಇಪ್ಪತ್ತೊಂಬತ್ತು ಇಂಚಿಂದು ಸಿಗುತ್ತಾ?"

ದಸರಾ ಮುಗಿದು ಗೊಂಬೆಗಳು ಪೆಟ್ಟಿಗೆ ಸೇರಿವೆ. ಟಿವಿ ಮೂರೂ ಹಾಲಿನಲ್ಲೇ ಇವೆ. ಚಾಪೆ ಹಾಸಲು ಜಾಗವಿಲ್ಲದೆ ಗುಜರಿಯವರೂ ಸೇರಿ ಐವರೂ ಬಾಗಿಲಲ್ಲಿ ಕೂತು ಆಡುತ್ತಿದ್ದೇವೆ. ಮೊನ್ನೆ ನಾನೇ ಮೆತ್ತಗೆ ಹೇಳಿದೆ, "ಎರಡನ್ನಾದ್ರೂ ಗುಜರಿಗೆ ಹಾಕ್ಬಿಡೋಣ ಕಣೇ."

"ಸುಮ್ನಿರಿ" ಎಂದಳು. "ಮುಂದಿನ ವರ್ಷ ಐದು ಮೆಟ್ಟಿಲು."