ಪಠ್ಯಕ್ರಮದ ದತ್ತು ಸಮಾರಂಭ

ಒಂದು ಕಾಲೇಜಿನಲ್ಲಿ ಕಲಿತದ್ದು ಇನ್ನೊಂದು ಕಾಲೇಜಿನಲ್ಲೂ ಕಲಿತದ್ದೇ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ೨೦೦೧ರಲ್ಲಿ ಶಿರಸಿಯಲ್ಲಿ ಸಮಾನ ಪಠ್ಯಮಾನ ಸಮಿತಿ ರಚನೆಯಾಯಿತು.

ಮೊದಲ ಅರ್ಜಿ ವಿನೋದಾಳದು. ಸಿದ್ದಾಪುರದಲ್ಲಿ ಬಿ.ಎ. ಮೊದಲ ವರ್ಷ ಪಾಸಾಗಿ, ಯಲ್ಲಾಪುರಕ್ಕೆ ಸೊಸೆಯಾಗಿ ಬಂದವಳು. ಅಲ್ಲಿನ ಕಾಲೇಜಿನಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬೇಕಿತ್ತು. ಓದಲು ಮಾವ ಕೊಟ್ಟ ಅವಧಿ ಎರಡೇ ವರ್ಷ. ಆಮೇಲೆ ಮೊಮ್ಮಗು ಎಂದು ಮದುವೆ ಮಾತುಕತೆಯಲ್ಲೇ ನಿಶ್ಚಯವಾಗಿತ್ತು.

ಪಠ್ಯಕ್ರಮ ಹೊಂದಿಸಿ ನೋಡಿದ ಅನುಭವ ಸಮಿತಿಯಲ್ಲಿ ಯಾರಿಗೂ ಇರಲಿಲ್ಲ. ಜಾತಕ ಹೊಂದಿಸಿದ ಅನುಭವ ಎಲ್ಲರಿಗೂ ಇತ್ತು. ಆದ್ದರಿಂದ ಅಧ್ಯಕ್ಷ ಮಾಬ್ಲೇಶ್ವರ ಭಟ್ಟರು ಎರಡೂ ಪಠ್ಯಕ್ರಮಗಳ ಜಾತಕ ಬರೆಸಿ ನೋಡಿದರು. ಮೂವತ್ತಾರಕ್ಕೆ ಮೂವತ್ತಾರು ಗುಣ ಕೂಡಿತು. ಸಿದ್ದಾಪುರದವರು ಯಲ್ಲಾಪುರದ್ದನ್ನೇ ಒಂದಕ್ಷರ ಬಿಡದೆ ನಕಲು ಮಾಡಿಕೊಂಡಿದ್ದರು.

"ಹಂಗಾರೆ ಆತಲ, ಭಟ್ರೇ," ಎಂದಳು ವಿನೋದಾ.

"ಎಂತ ಆತು ತಂಗಿ? ಎರಡೂ ಒಂದೇ ಮೂಲದ್ದು ಅಂದ್ರೆ ಸಗೋತ್ರ. ಸಂಬಂಧ ಕೂಡ್ತಿಲ್ಲೆ."

"ಬೇರೆ ಬೇರೆ ಇದ್ದಿದ್ರೆ?"

"ಆಗ ಗುಣ ಕೂಡ್ತಿತ್ತಿಲ್ಲೆ."

ಸಗೋತ್ರಕ್ಕೆ ನಮ್ಮಲ್ಲಿ ಪರಿಹಾರವಿದೆ. ಹುಡುಗಿಯನ್ನು ಬೇರೆ ಗೋತ್ರದವರಿಗೆ ದತ್ತು ಕೊಟ್ಟು ಆಮೇಲೆ ಧಾರೆ ಎರೆಯುತ್ತಾರೆ. ಅದರಂತೆ ಸಿದ್ದಾಪುರದ ಪಠ್ಯಕ್ರಮವನ್ನು ಶಿರಸಿಯ ಒಂದು ಹೊಲಿಗೆ ಶಾಲೆಗೆ ದತ್ತು ಕೊಡಲಾಯಿತು. ಶಾಲೆಯ ಮುಖ್ಯಸ್ಥೆ ಸುಬ್ಬಲಕ್ಷ್ಮಿ ಅದನ್ನು ಮಡಿಲಲ್ಲಿ ಕೂರಿಸಿಕೊಂಡರು. ಪಾಯಸದ ಊಟವಾಯಿತು. ಸಂಬಂಧ ಕೂಡಿತು.

ಆದರೆ ದತ್ತು ಹೋದವರಿಗೆ ಹುಟ್ಟಿದ ಮನೆಯ ಆಸ್ತಿಯಲ್ಲಿ ಹಕ್ಕಿಲ್ಲ. ಹೀಗಾಗಿ ವಿನೋದಾ ಗಳಿಸಿದ ಅಂಕಗಳು ಸಿದ್ದಾಪುರದಲ್ಲೇ ಉಳಿದವು. ಅವಳು ಯಲ್ಲಾಪುರದಲ್ಲಿ ಮತ್ತೆ ಮೊದಲ ವರ್ಷಕ್ಕೆ ಕುಳಿತಳು.

"ಓದಿದ್ದೇ ಓದದಲ್ದ? ಮನೆಕೆಲ್ಸಕ್ಕೆ ಹೊತ್ತು ಸಿಕ್ತು," ಎಂದು ಅತ್ತೆ ಸಮಾಧಾನ ಹೇಳಿದರು.

ಮಾವನ ಎರಡು ವರ್ಷ ಮುಗಿದಾಗ ವಿನೋದಾ ಇನ್ನೊಂದು ಅರ್ಜಿ ಹಾಕಿದಳು. ಮೊದಲ ವರ್ಷ ಎರಡು ಸಲ ಓದಿದ್ದೇನೆ, ಎರಡನೆಯದು ಒಂದು ಸಲ, ಬಿ.ಎ.ಗೆ ಬೇಕಾದದ್ದು ಮೂರು ವರ್ಷ. ದಯವಿಟ್ಟು ಕೂಡಿಸಿ ನೋಡುವುದು. ಭಟ್ಟರು ಬೆರಳು ಮಡಚಿ ಎಣಿಸಿದರು. ಸರಿಯಿತ್ತು.

ಪದವಿ ಪತ್ರ ಬಂತು. ಮಾವ ಅದಕ್ಕೆ ಕಟ್ಟು ಹಾಕಿಸಿದರು. ಮೊದಲ ವರ್ಷವೇ ಸುಲಭವೆಂದು ಉಳಿದವರೂ ಅದನ್ನೇ ಎರಡು ಸಲ ಓದತೊಡಗಿದರು. ಮೂರನೇ ವರ್ಷದ ಕೋಣೆ ಖಾಲಿಯಾಯಿತು. ಕಾಲೇಜು ಅದನ್ನು ಸೈಕಲ್ ನಿಲ್ಲಿಸಲು ಬಿಟ್ಟುಕೊಟ್ಟಿದೆ. ಮಳೆಗಾಲದಲ್ಲಿ ಸೀಟು ನೆನೆಯುವುದು ನಿಂತಿರುವುದರಿಂದ, ಸಮಾನ ಪಠ್ಯಮಾನದ ಉಪಯೋಗ ಈಗ ಎಲ್ಲರಿಗೂ ಮನವರಿಕೆಯಾಗಿದೆ.