ಲಿಫ್ಟಣ್ಣ ಮೆಟ್ಟಿಲು ಹತ್ತಿದ ದಿನ

ಎಲ್ಲಕ್ಕೂ ಕಾರಣ ಮ್ಯಾನೇಜರ ಪೆನ್ನು. ಬೆಳಗ್ಗೆ ಒಂಬತ್ತೂವರೆಗೆ, ಅವರ ಕಂಪನಿ ನೋಡಿಕೊಳ್ಳುತ್ತಿದ್ದ ಎಂಟು ಮಹಡಿಯ ಹಳೆಯ ಕಟ್ಟಡವೊಂದರ ಲಿಫ್ಟಿನಲ್ಲಿ, ಅದು ಅವರ ಜೇಬಿನಿಂದ ಜಾರಿ ಕೆಳಗೆ ಬಿತ್ತು. ಬಿದ್ದದ್ದನ್ನು ಅವರೇ ಎತ್ತಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮೂವತ್ತು ವರ್ಷದಿಂದ ಆ ಲಿಫ್ಟು ನಡೆಸುತ್ತಿದ್ದ, ಕಟ್ಟಡದವರೆಲ್ಲ ಲಿಫ್ಟಣ್ಣ ಎಂದೇ ಕರೆಯುತ್ತಿದ್ದ ಮನುಷ್ಯನಿಗೆ ಮರ್ಯಾದೆ ಸ್ವಲ್ಪ ಜಾಸ್ತಿ. ತನ್ನ ಸ್ಟೂಲಿನಿಂದ ಎದ್ದ, ಬಗ್ಗಿದ, ಪೆನ್ನು ಹಿಡಿದ. ಬಗ್ಗುವಾಗ ಏನೂ ಕಷ್ಟವಾಗಲಿಲ್ಲ. ಏಳುವಾಗ ಸೊಂಟ ಕೈಕೊಟ್ಟಿತು. ಅಕ್ಕಪಕ್ಕ ತಡಕಾಡಿ, ಸಿಕ್ಕಿದ್ದನ್ನು ಹಿಡಿದುಕೊಂಡು ಮೇಲೆದ್ದ. ಸಿಕ್ಕಿದ್ದು ಮ್ಯಾನೇಜರ ಬೆಲ್ಟು.

"ಏನ್ರೀ ಇದು!" ಮ್ಯಾನೇಜರು ಪ್ಯಾಂಟು ಭದ್ರ ಮಾಡಿಕೊಳ್ಳುತ್ತ ಕಿರುಚಿದರು. "ಮೇಲೆ ಹೋಗೋದು ಲಿಫ್ಟು, ಏದುಸಿರು ಬಿಡೋದು ನೀವಾ? ವಯಸ್ಸೆಷ್ಟು ನಿಮಗೆ?"

"ಐವತ್ತೆಂಟು ಸಾರ್. ಇನ್ನೂ ಎರಡು ವರ್ಷ ಇದೆ."

"ನೋಡಿದ್ರೆ ಎಪ್ಪತ್ತೆಂಟು ಅನ್ನಬೇಕು. ಇವತ್ತು ನಾಲ್ಕು ಗಂಟೆಗೆ ಕಂಪನಿ ಡಾಕ್ಟರು ಬರ್ತಾರೆ. ನಿಮ್ಮನ್ನೂ ನೋಡ್ತಾರೆ. ಆಗಲ್ಲ ಅಂದ್ರೆ ಮುಲಾಜಿಲ್ಲ, ಈ ತಿಂಗಳಿಗೇ ಮನೆಗೆ."

ಮನೆಗೆ ಹೋಗುವುದೆಂದರೆ ನಿಮಗೆ ನಮಗೆ ಸುಖ ಇರಬಹುದು. ಲಿಫ್ಟಣ್ಣನ ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಎರಡರಲ್ಲೂ ಹೆಂಡತಿಯ ಹೊಲಿಗೆ ತರಗತಿ. ಆರು ಮಷೀನು, ಹನ್ನೊಂದು ಹೆಂಗಸರು, ನೆಲದ ತುಂಬ ಚೂರು ಬಟ್ಟೆ, ಗುಂಡುಸೂಜಿ. ರಜೆಯ ದಿನ ಅವನು ಹೊಸ್ತಿಲಾಚೆ, ಚಪ್ಪಲಿಗಳ ನಡುವೆ ಜಾಗ ಮಾಡಿಕೊಂಡು ಕೂರುತ್ತಿದ್ದ. ಹೊರಡುವವರು ಬಂದು "ಅಂಕಲ್, ಸ್ವಲ್ಪ" ಅಂದರೆ ಎದ್ದು ನಿಲ್ಲಬೇಕು. ಇಡೀ ಪ್ರಪಂಚದಲ್ಲಿ ಯಾರೂ ಏಳು ಅನ್ನದ ಜಾಗವೆಂದರೆ ಲಿಫ್ಟಿನೊಳಗಿನ ಆ ಸ್ಟೂಲು ಒಂದೇ. ಅದೂ ಹೋದರೆ ಮನುಷ್ಯ ಕೂರುವುದೆಲ್ಲಿ?

ಹೆಂಡತಿಗೆ ಫೋನು ಮಾಡಿ ವಿಷಯ ಹೇಳಿದ. ಆಕೆ ಮಷೀನು ನಿಲ್ಲಿಸದೆಯೇ ಕೇಳಿಸಿಕೊಂಡಳು.

"ರೀ, ನೋಡಿ, ನಂಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆದ್ರೆ ಹಗಲೆಲ್ಲ ಮನೇಲಿದ್ರೆ ನಿಮ್ಮನ್ನ ಎಲ್ಲಿಡ್ಲಿ? ಹೇಗಾದ್ರೂ ಮಾಡಿ ಪಾಸಾಗಿ ಬನ್ನಿ."

ಪಾಸಾಗಿಯೇ ತೀರುತ್ತೇನೆ ಎಂದು ಲಿಫ್ಟಣ್ಣ ಟೊಂಕ ಕಟ್ಟಿದ. ನಾಲ್ಕು ಗಂಟೆಗೆ ಇನ್ನೂ ಆರು ತಾಸಿತ್ತು. ಮೂವತ್ತು ವರ್ಷ ಕೂತು ಕೂತು ಕೂಡಿಹಾಕಿದ ಮುಪ್ಪನ್ನು ಆರು ತಾಸಿನಲ್ಲಿ ಇಳಿಸಬೇಕು, ಅಷ್ಟೇ ತಾನೇ!

ಅವನು ಮಾಡಿದ ಮೊದಲ ತಪ್ಪೆಂದರೆ ಈ ಸಂಕಲ್ಪವನ್ನು ಬಾಗಿಲ ಬಳಿಯ ವಾಚ್‌ಮನ್‌ಗೆ ಹೇಳಿದ್ದು. ವಾಚ್‌ಮನ್‌ಗೆ ಹೇಳುವುದೂ ಒಂದೇ, ಮೈಕು ಹಿಡಿದು ಕೂಗುವುದೂ ಒಂದೇ.

"ಅಣ್ಣಾ, ನೀರು!" ಎಂದ ವಾಚ್‌ಮನ್, ತನ್ನ ಬಾಟಲಿ ಎತ್ತಿ ತೋರಿಸುತ್ತ. "ಚರ್ಮ ಸುಕ್ಕಾಗೋದು ಯಾಕೆ? ಒಳಗೆ ನೀರಿಲ್ದೆ. ಒಂದೊಂದು ಮಹಡಿಗೆ ಒಂದೊಂದು ಲೋಟ ಕುಡೀರಿ. ನಾಲ್ಕು ಗಂಟೆಗೆ ಕೆನ್ನೆ ಟೊಮೇಟೊ ಆಗದಿದ್ರೆ ನನ್ನ ಮೀಸೆ ಬೋಳಿಸ್ಕೋತೀನಿ."

ಲಿಫ್ಟಣ್ಣ ಎರಡು ಲೋಟ ಅಲ್ಲೇ ಇಳಿಸಿದ. ಅಷ್ಟರಲ್ಲಿ ಮೂರನೇ ಮಹಡಿಯ ವಕೀಲರು ಫೈಲು ಬಗಲಲ್ಲಿಟ್ಟುಕೊಂಡು ಬಂದರು. ಅವರಿಗೆ ವಿಷಯ ಆಗಲೇ ಗೊತ್ತಿತ್ತು. ಹೇಗೆ ಅಂತ ಕೇಳಬೇಡಿ.

"ನೀರು ಗೀರು ಎಲ್ಲ ಆಮೇಲೆ," ಎಂದರು ವಕೀಲರು. "ನಿಮ್ಮ ಅಸಲು ಅಪರಾಧ ಆ ಸ್ಟೂಲು ಕಣ್ರೀ. ಕೂತವನಿಗೆ ಬೇಗ ವಯಸ್ಸಾಗುತ್ತೆ, ಇದಕ್ಕೆ ಸಾಕ್ಷಿ ಬೇಕಾಗಿಲ್ಲ. ಮೆಟ್ಟಿಲು ಹತ್ತಿ!"

"ಮೆಟ್ಟಿಲು ಹತ್ತಿದ್ರೆ ಲಿಫ್ಟು ನೋಡೋರು ಯಾರು ಸಾರ್?"

"ಗುಂಡಿ ನಾವು ಒತ್ಕೋತೀವಿ. ನೀವು ಓಡಿ ಬಂದು ಮೇಲೆ ಗೇಟು ತೆಗೀರಿ. ನಿಮಗೂ ವ್ಯಾಯಾಮ, ನಮಗೂ ಉಪಕಾರ ಮಾಡಿದ ಪುಣ್ಯ."

ಇಲ್ಲಿ ಆ ಲಿಫ್ಟಿನ ಬಗ್ಗೆ ಒಂದು ಮಾತು ಹೇಳಬೇಕು. ಅದು ಸುತ್ತಲೂ ಕಬ್ಬಿಣದ ಜಾಲರಿ ಇದ್ದ ಹಳೇ ಕಾಲದ ಲಿಫ್ಟು. ಮೆಟ್ಟಿಲು ಅದನ್ನೇ ಸುತ್ತಿಕೊಂಡು ಮೇಲೆ ಹೋಗುತ್ತಿತ್ತು. ಪ್ರತಿ ಮಹಡಿಯಲ್ಲೂ ಮಡಚುವ ಗೇಟು. ಅದನ್ನು ಒಂದು ಹದದಲ್ಲಿ ಎತ್ತಿ ಎಳೆದರೆ ಮಾತ್ರ ತೆರೆಯುತ್ತಿತ್ತು, ಆ ಹದ ಗೊತ್ತಿದ್ದದ್ದು ಲಿಫ್ಟಣ್ಣನೊಬ್ಬನಿಗೆ. ಎಂಟರಲ್ಲಿ ಯಾವ ಮಹಡಿಯ ಗೇಟು ಒಂದು ಬೆರಳು ಬಿಟ್ಟುಕೊಂಡರೂ ಸರಿ, ಲಿಫ್ಟು ಇದ್ದಲ್ಲೇ ನಿಂತುಬಿಡುತ್ತಿತ್ತು.

ವಕೀಲರು ಗುಂಡಿ ಒತ್ತಿದರು. ಲಿಫ್ಟಣ್ಣ ಓಡಿದ. ಮೊದಲ ಮಹಡಿ ತಲುಪುವಷ್ಟರಲ್ಲಿ ಮೊಣಕಾಲು ಕಟಕಟ ಎಂದಿತು, ಎರಡನೆಯದಕ್ಕೆ ಕಣ್ಣು ಕತ್ತಲೆ ಬಂತು. ಮೂರನೆಯದಕ್ಕೆ ಅವನು ಕೈಕಾಲೂರಿಕೊಂಡು ಬಂದಾಗ ವಕೀಲರು ಗೇಟಿನ ಹಿಂದೆ ಜೈಲಿನಲ್ಲಿ ನಿಂತವರಂತೆ ನಿಂತಿದ್ದರು.

"ಪರವಾಗಿಲ್ಲ, ಪರವಾಗಿಲ್ಲ," ಎಂದು ಗಡಿಯಾರ ನೋಡಿಕೊಂಡರು. "ಮುಂದಿನ ಸಲ ಇನ್ನೂ ಬೇಗ ಬರ್ತೀರಿ."

ಆಶ್ಚರ್ಯವೆಂದರೆ ಹಾಗೇ ಆಯಿತು. ಹಟ ಹಿಡಿದವನ ಕಾಲಿಗೆ ಎಲ್ಲಿಂದ ಬಲ ಬರುತ್ತದೋ! ಹನ್ನೆರಡು ಗಂಟೆಯ ಹೊತ್ತಿಗೆ ಅವನು ಐದನೇ ಮಹಡಿಯವರೆಗೂ ನಿಲ್ಲದೆ ಹತ್ತುತ್ತಿದ್ದ. ಮಹಡಿಗೊಂದು ಲೋಟ ನೀರು ಕುಡಿಯುತ್ತಿದ್ದ. ಬೆವರು ಇಳಿದು ಖಾಕಿ ಅಂಗಿ ಮೈಗೆ ಅಂಟಿತ್ತು, ಆದರೆ ಹೆಂಡತಿಯ ಹನ್ನೊಂದು ಜನ ವಿದ್ಯಾರ್ಥಿನಿಯರ ಚಪ್ಪಲಿ ಕಣ್ಣಮುಂದೆ ಬಂದಾಗೆಲ್ಲ ಮತ್ತೊಂದು ಮೆಟ್ಟಿಲು ತಾನಾಗಿಯೇ ಹತ್ತಿಸಿಕೊಳ್ಳುತ್ತಿತ್ತು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವುದಕ್ಕೂ ಐದನೇ ಮಹಡಿಯ ಟೈಪಿಂಗ್ ಕ್ಲಾಸಿನ ಟೀಚರಮ್ಮ ಹೊರಗೆ ಬರುವುದಕ್ಕೂ ಸರಿಹೋಯಿತು.

"ಅಯ್ಯೋ, ಹೀಗೆ ನುಂಗ್ತೀರಲ್ಲ, ಅದಕ್ಕೇ ಬೇಗ ಮುದುಕರಾಗೋದು," ಎಂದರು ಟೀಚರಮ್ಮ. "ಒಂದು ತುತ್ತು ನಲವತ್ತು ಸಲ ಅಗೀಬೇಕು. ನಮ್ಮ ತಾತ ಹಾಗೇ ಅಗೀತಿದ್ರು, ತೊಂಬತ್ತಾರರಲ್ಲೂ ಒಂದು ಹಲ್ಲು ಅಲ್ಲಾಡ್ಲಿಲ್ಲ. ತಡೀರಿ, ನಮ್ಮ ಹುಡುಗೀರು ಎಣಿಸ್ತಾರೆ."

ಹನ್ನೆರಡು ಹುಡುಗಿಯರು ಸುತ್ತ ನಿಂತು "ಒಂದು, ಎರಡು, ಮೂರು" ಎಂದು ಪಾಠ ಒಪ್ಪಿಸುವಂತೆ ಎಣಿಸತೊಡಗಿದರು. ಇಪ್ಪತ್ತೇಳರ ಹತ್ತಿರ ಯಾರೋ ಕಿಸಕ್ಕೆಂದರು. ಲೆಕ್ಕ ತಪ್ಪಿತೆಂದು ಟೀಚರಮ್ಮ ಮತ್ತೆ ಒಂದರಿಂದ ಶುರು ಮಾಡಿಸಿದರು. ಊಟದ ಬಿಡುವು ಮುಗಿದಾಗ ಲಿಫ್ಟಣ್ಣನ ಹೊಟ್ಟೆಗೆ ಹೋದದ್ದು ನಾಲ್ಕು ತುತ್ತು. ದವಡೆ ಮಾತ್ರ ದಿನವಿಡೀ ಮರ ಕೊಯ್ದವರ ಕೈಯಂತೆ ನೋಯುತ್ತಿತ್ತು.

"ಇನ್ನೊಂದು," ಎಂದರು ಟೀಚರಮ್ಮ ಒಳಹೋಗುವ ಮುಂಚೆ. "ಗಂಟೆಗೊಂದು ಸಲ ಬಾಯಿತುಂಬ ನಗಬೇಕು. ಕಾರಣ ಬೇಡ. ನಕ್ಕರೆ ರಕ್ತ ಓಡಾಡುತ್ತೆ, ಮುಖ ಎಳೇದಾಗುತ್ತೆ."

ಸರಿಯಾಗಿ ಎರಡು ಗಂಟೆಗೆ ಲಿಫ್ಟಣ್ಣ ನಕ್ಕ. ವಕೀಲರೂ ಅವರ ಕಕ್ಷಿದಾರನೂ ಆಗಷ್ಟೇ ಕೋರ್ಟಿನಿಂದ ಬಂದು ಲಿಫ್ಟು ಹತ್ತಿದ್ದರು. ಕಕ್ಷಿದಾರ ಹನ್ನೊಂದು ವರ್ಷ ನಡೆಸಿದ ಕೇಸನ್ನು ಅವತ್ತೇ ಸೋತಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ. ಲಿಫ್ಟಣ್ಣ ಗೇಟಿನ ಮೇಲೆ ಕೈಯಿಟ್ಟು, ಅವನ ಮುಖವನ್ನೇ ನೋಡುತ್ತ, ಹೊಟ್ಟೆಯಾಳದಿಂದ "ಹ್ಹ ಹ್ಹ ಹ್ಹ" ಎಂದ.

ಕಕ್ಷಿದಾರ ಲಿಫ್ಟಿನಿಂದ ಇಳಿದು ಬೀದಿಗೆ ಹೊರಟೇಹೋದ. ವಕೀಲರು ಅವನ ಹಿಂದೆ ಓಡಿದರು. ಓಡುತ್ತಲೇ ಹಿಂತಿರುಗಿ, "ನಾಲ್ಕು ಗಂಟೆಗೆ ಡಾಕ್ಟರ ಮುಂದೆ ನಾನೂ ನಾಲ್ಕು ಮಾತಾಡ್ತೀನಿ, ಇರು!" ಎಂದರು. ಬೆಳಗ್ಗೆ ಬಹುವಚನದಲ್ಲಿದ್ದವರು ಮಧ್ಯಾಹ್ನಕ್ಕೆ ಏಕವಚನಕ್ಕೆ ಇಳಿದಿದ್ದರು. ಲಿಫ್ಟಣ್ಣನಿಗೆ ನಿಜವಾಗಿಯೂ ಅಳು ಬಂತು. ಆದರೂ ಅವನು ಬಿಡುವವನಲ್ಲ. ಕಣ್ಣೊರೆಸಿಕೊಂಡು ಮತ್ತೆ ಮೆಟ್ಟಿಲಿಗೆ ಕಾಲಿಟ್ಟ.

ಮೂರೂಮುಕ್ಕಾಲಾಯಿತು. ಡಾಕ್ಟರನ್ನು ಎದುರುಗೊಳ್ಳಲು ಮ್ಯಾನೇಜರು ಕೆಳಗೆ ಇಳಿದು ಬಾಗಿಲಲ್ಲಿ ನಿಂತಿದ್ದರು. ಲಿಫ್ಟಣ್ಣ ಯಾರನ್ನೋ ಏಳನೇ ಮಹಡಿಗೆ ಬಿಡಲು ತಾನೂ ಲಿಫ್ಟಿನಲ್ಲೇ ಹೋದ. ಆ ಕ್ಷಣದಲ್ಲಿ ಬೆಳಗ್ಗಿನಿಂದ ಕುಡಿದ ನೀರೆಲ್ಲ ಒಟ್ಟಿಗೆ ತನ್ನ ಹಕ್ಕು ಕೇಳಿತು. ಪುಣ್ಯಕ್ಕೆ ಶೌಚಾಲಯ ಇದ್ದದ್ದು ಆ ಮಹಡಿಯಲ್ಲೇ. ಹೊರಗೆ ಹಾರಿದ, ಗೇಟನ್ನು ಹಿಂದಕ್ಕೆ ಎಳೆದ, ಕೊಂಡಿ ಬಿತ್ತೋ ಇಲ್ಲವೋ ನೋಡಲಿಲ್ಲ, ಓಡಿದ. ಆ ಸ್ಥಿತಿಯಲ್ಲಿ ನೀವಾದರೂ ನೋಡುತ್ತಿರಲಿಲ್ಲ.

ನೆಮ್ಮದಿಯ ಮುಖ ಹೊತ್ತು ಹೊರಬಂದಾಗ ಕಟ್ಟಡದಲ್ಲಿ ಗದ್ದಲ ಎದ್ದಿತ್ತು. ಡಾಕ್ಟರು ಬಂದಿದ್ದರು. ವಾಚ್‌ಮನ್ ಗುಂಡಿ ಒತ್ತಿ ಲಿಫ್ಟನ್ನು ಕೆಳಗೆ ಕರೆಸಿ, ಗೇಟನ್ನು ಗುದ್ದಿ ಎಳೆದು ಹೇಗೋ ತೆರೆದು, ಅವರನ್ನೂ ಮ್ಯಾನೇಜರನ್ನೂ ಹತ್ತಿಸಿ ಕಳಿಸಿದ್ದ. ಲಿಫ್ಟು ನಾಲ್ಕು ಮತ್ತು ಐದರ ನಡುವೆ ಗಡಗಡ ಅಲುಗಾಡಿ ನಿಂತಿತ್ತು.

"ಎಲ್ಲಿ ಸತ್ತೆಯಯ್ಯಾ!" ಮ್ಯಾನೇಜರ ಕೂಗು ಜಾಲರಿಯೊಳಗಿಂದ ಬಂತು. "ಯಾವ ಗೇಟು ತೆರೆದಿದೆ ನೋಡು! ಕೆಳಗಿಂದ ನೋಡ್ಕೊಂಡು ಬಾ!"

ಕೆಳಗಿಂದ ಅಂದರೆ ಕೆಳಗಿಂದ. ಮ್ಯಾನೇಜರ ಮಾತು ಮೀರಿ ಗೊತ್ತಿಲ್ಲದವನು ಅವನು. ಜಾಲರಿಯ ಪಕ್ಕದಲ್ಲೇ ಧಡಧಡ ಇಳಿದು ಕೆಳಗಿನ ಗೇಟು ನೋಡಿದ, ಭದ್ರ. ವಾಚ್‌ಮನ್ "ಅಣ್ಣಾ, ನೀರು!" ಎಂದ. ತಳ್ಳಿ ಮೇಲೆ ಓಡಿದ. ಒಂದು, ಎರಡು, ಮೂರು, ನಾಲ್ಕು, ಎಲ್ಲವೂ ಭದ್ರ. ಐದರಲ್ಲಿ ಟೀಚರಮ್ಮ "ಮೂಗಲ್ಲಿ ಉಸಿರಾಡಿ, ಬಾಯಲ್ಲಲ್ಲ!" ಎಂದು ಅಡ್ಡ ನಿಂತರು. ಆರಕ್ಕೆ ಕಾಲಿಟ್ಟಿದ್ದ, ಕೆಳಗಿನಿಂದ ಮ್ಯಾನೇಜರು, "ಡಾಕ್ಟರಿಗೆ ಸೆಖೆ ಆಗ್ತಿದೆ, ನೀರು ತಾರಯ್ಯಾ!" ಎಂದರು. ಬೆಳಗ್ಗಿನಿಂದ ಮಹಡಿಮಹಡಿಯ ನೀರನ್ನೂ ಇವನೇ ಖಾಲಿ ಮಾಡಿದ್ದ. ಮತ್ತೆ ವಾಚ್‌ಮನ್‌ವರೆಗೆ ಇಳಿದ, ಬಾಟಲಿ ತಂದ, ಜಾಲರಿಯ ಸಂದಿಯಿಂದ ಒಳಗೆ ತುರುಕಿದ. ಮತ್ತೆ ಐದಕ್ಕೆ ಹತ್ತಿದರೆ, "ಬ್ಯಾಗು! ಡಾಕ್ಟರ ಬ್ಯಾಗು ಕೆಳಗೇ ಉಳಿದಿದೆ, ಯಾರಾದ್ರೂ ಎತ್ಕೊಂಡು ಹೋದಾರು!" ಮತ್ತೆ ಇಳಿದ. ಬ್ಯಾಗು ಹೆಗಲಿಗೇರಿಸಿ ಮತ್ತೆ ಹತ್ತಿದ.

ಒಳಗಿದ್ದ ಡಾಕ್ಟರು ಗಡಿಯಾರ ಕೈಯಲ್ಲಿ ಹಿಡಿದು, ಕನ್ನಡಕದ ಮೇಲಿಂದ, ಜಾಲರಿಯಾಚೆ ಹಾದುಹೋಗುವ ಎರಡು ಕಾಲುಗಳನ್ನೇ ನೋಡುತ್ತಿದ್ದರು. ಮುಗಿಯಿತು ನನ್ನ ಕತೆ ಎಂದುಕೊಂಡ ಲಿಫ್ಟಣ್ಣ. ಪರೀಕ್ಷೆ ಮಾಡುವ ಡಾಕ್ಟರನ್ನೇ ಪಂಜರಕ್ಕೆ ಹಾಕಿದವನಿಗೆ ಯಾರು ಪಾಸು ಕೊಡುತ್ತಾರೆ? ಆದರೂ ಕಾಲು ನಿಲ್ಲಲಿಲ್ಲ. ಏಳನೇ ಮಹಡಿಗೆ ಬಂದ. ಕೊಂಡಿ ಬೀಳದ ಗೇಟು ಲಿಫ್ಟಿನ ಅಲುಗಾಟಕ್ಕೆ ಮೆಲ್ಲಗೆ ಜಾರಿ ಎರಡು ಬೆರಳು ಬಿಟ್ಟುಕೊಂಡು ನಿಂತಿತ್ತು. ಬಿಟ್ಟವನು ತಾನೇ ಎಂಬುದು ಆಗ ಹೊಳೆಯಿತು. ನಾಲಿಗೆ ಕಚ್ಚಿಕೊಂಡು, ಕಾಲಿನಿಂದ ಒದ್ದು ಮುಚ್ಚಿದ. ಲಿಫ್ಟು ಏದುಸಿರು ಬಿಟ್ಟು ಮೇಲೆದ್ದು ಐದರಲ್ಲಿ ನಿಂತಿತು.

ಇಳಿದು ಬಂದು ಐದನೇ ಮಹಡಿಯಲ್ಲಿ ಅವನು ಗೇಟು ತೆರೆದಾಗ ಸುತ್ತ ಜನವೋ ಜನ. ಟೀಚರಮ್ಮ, ಹನ್ನೆರಡು ಹುಡುಗಿಯರು, ವಾಚ್‌ಮನ್. ನಾಲ್ಕು ಮಾತಾಡಲು ವಕೀಲರೂ ಬಂದಿದ್ದರು. ಮ್ಯಾನೇಜರು ಕೆಂಪಗೆ ಬಾಯಿ ತೆರೆದರು. ಡಾಕ್ಟರು ಕೈಯೆತ್ತಿ ಅವರನ್ನು ತಡೆದು, ಲಿಫ್ಟಣ್ಣನ ನಾಡಿ ಹಿಡಿದರು. ಎರಡು ನಿಮಿಷ ಗಡಿಯಾರ ನೋಡುತ್ತ ಎಣಿಸಿದರು.

"ವಯಸ್ಸು?"

"ಐವತ್ತೆಂಟು ಸಾರ್."

"ನಾನು ನಂಬಲ್ಲ. ಮೂರು ಸಲ ಹತ್ತಿದ್ದಾರೆ, ಮೂರು ಸಲ ಇಳಿದಿದ್ದಾರೆ, ಕೊನೇ ಸಲ ನನ್ನ ಬ್ಯಾಗು ಹೊತ್ತು. ಎರಡೇ ನಿಮಿಷಕ್ಕೆ ನಾಡಿ ಹದಕ್ಕೆ ಬಂತು. ಇದು ಮೂವತ್ತರ ಹೃದಯ ರೀ! ನನ್ನ ಸರ್ವೀಸಲ್ಲೇ ಇಂಥ ಹೃದಯ ನೋಡಿಲ್ಲ. ಮ್ಯಾನೇಜರೇ, ಇವರನ್ನ ಮನೆಗೆ ಕಳಿಸ್ತೀನಿ ಅಂದ್ರಲ್ಲ, ನಿಮಗೆ ಬುದ್ಧಿ ಇದೆಯಾ?"

ಲಿಫ್ಟಣ್ಣನ ಕಣ್ಣಲ್ಲಿ ನೀರಾಡಿತು. ಗೆದ್ದೆ! ಹೆಂಡತಿಗೆ ಫೋನು ಮಾಡಬೇಕು, ಆಮೇಲೆ ಹೋಗಿ ಹಾಯಾಗಿ ಕೂರಬೇಕು ಎಂದುಕೊಂಡ. ವಾಚ್‌ಮನ್ ಮೀಸೆ ತಿರುವಿಕೊಂಡ. ಹುಡುಗಿಯರು ಚಪ್ಪಾಳೆ ತಟ್ಟಿದರು. ವಕೀಲರು ಕೂಡ ಎರಡು ಬೆರಳಿನಿಂದ ತಟ್ಟಿದರು.

"ಬರೀತೀನಿ, ಅರವತ್ತಲ್ಲ, ಅರವತ್ತೈದರವರೆಗೂ ಇರಲಿ ಇವರು," ಎಂದು ಡಾಕ್ಟರು ಪೆನ್ನು ತೆಗೆದರು. "ಆದ್ರೆ ಈ ಲಿಫ್ಟು ಮನುಷ್ಯರು ಹತ್ತೋದಲ್ಲ. ಇವತ್ತಿಂದಲೇ ಬೀಗ ಹಾಕಿ. ಎಲ್ಲರೂ ಮೆಟ್ಟಿಲು ಹತ್ತಲಿ, ಆರೋಗ್ಯಕ್ಕೂ ಒಳ್ಳೇದು."

"ಆಯ್ತು ಸಾರ್," ಎಂದರು ಮ್ಯಾನೇಜರು. ಅವರ ಮುಖ ಅರಳಿತ್ತು. "ಎಂಟು ಮಹಡಿಯ ಫೈಲು, ಟಪಾಲು, ಪಾರ್ಸೆಲ್ಲು ಎಲ್ಲ ಹೊತ್ತು ಹತ್ತಿಳಿಯೋಕೆ ಒಬ್ಬರು ಬೇಕಾಗ್ತಾರೆ ಅಂತ ಯೋಚಿಸ್ತಿದ್ದೆ. ಇಂಥ ಹೃದಯ ಇರೋರು ನಮ್ಮಲ್ಲೇ ಇದ್ದಾರಲ್ಲ! ನಾಳೆಯಿಂದ ಯಾಕೆ, ಈಗಿಂದಲೇ ಶುರು ಮಾಡ್ಲಿ."

ಚಪ್ಪಾಳೆ ಇನ್ನೂ ಜೋರಾಯಿತು. ಲಿಫ್ಟಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಗಂಟಲು ಸರಿಮಾಡಿಕೊಂಡು, ಬಹಳ ವಿನಯದಿಂದ, ಬೆಳಗ್ಗಿನಿಂದ ಯಾವುದಕ್ಕಾಗಿ ಓಡಿದ್ದನೋ ಅದೊಂದನ್ನೇ ಕೇಳಿದ.

"ಸಾರ್, ನಾನು ಕೂರೋದೆಲ್ಲಿ?"

ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ಗಾಬರಿಯಿಂದ ಅವನನ್ನು ನೋಡಿದರು.

"ಕೂರೋದಾ? ಯಾಕ್ರೀ, ಇಷ್ಟು ಬೇಗ ಮುದುಕ ಆಗ್ಬೇಕಾ ನಿಮಗೆ?"

ಎಂಟನೇ ಮಹಡಿಯಿಂದ ಯಾರೋ ಆಗಲೇ ಅವನನ್ನು ಕೂಗುತ್ತಿದ್ದರು.